ಹೊರಗಿಂದ ಎಳೆದ ವೈರು

ಇಪ್ಪತ್ತು ಅಡಿ ವೈರು ಸಾಕಾಗುತ್ತಿದ್ದ ಕಡೆ ನಾನು ನೂರಾ ಮೂವತ್ತು ಅಡಿ ಎಳೆದೆ. ಅರ್ಧ ದಿನದ ಕೆಲಸಕ್ಕೆ ಎರಡು ದಿನ ಏಣಿಯ ಮೇಲೆ ನಿಂತೆ, ಅದೂ ಯುಗಾದಿ ಮುಗಿದ ಮೇಲಿನ ಬಿಸಿಲಿನಲ್ಲಿ. ಇದನ್ನು ಬರೆಯಲು ಕುಳಿತರೆ ಈಗಲೂ ನನ್ನ ದವಡೆ ಬಿಗಿಯುತ್ತದೆ. ಸಿಟ್ಟು ಇಳಿದ ಮೇಲೆ ಬರಿ, ಚಂದ ಆಗತೈತಿ ಎಂದು ಒಬ್ಬರು ಬುದ್ಧಿ ಹೇಳಿದರು. ಅದು ಇಳಿಯಲಿ ಎಂದು ಕಾದರೆ ನಾನು ಬರೆಯುವುದೇ ಇಲ್ಲ.

ನಾನು ಬೈಲಹೊಂಗಲದಲ್ಲಿ ಕರೆಂಟಿನ ಕೆಲಸ ಮಾಡುವ ಹೆಂಗಸು. ಮನೆ ವೈರಿಂಗ್, ಬೋರಿನ ಸ್ಟಾರ್ಟರ್, ಇನ್ವರ್ಟರ್, ಈಚೆಗೆ ಕ್ಯಾಮೆರಾ ಮತ್ತು ಸ್ಪೀಕರ್. ತವರು ರಾಮದುರ್ಗ ತಾಲೂಕಿನ ಸುರೇಬಾನದ ಕಡೆ. ಗಂಡ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಲಾರಿ ಹೊಡೆಯುತ್ತಾನೆ. ಡ್ರಿಲ್ ಮಶೀನು ಹೆಗಲಿಗೆ ಹಾಕಿಕೊಂಡು ನಾನು ಬಾಗಿಲಲ್ಲಿ ನಿಂತಾಗ ಜನ ನನ್ನ ಬೆನ್ನ ಹಿಂದೆ ನೋಡುತ್ತಾರೆ. "ವೈರಮನ್ ಎಲ್ಲಿ?" ಎನ್ನುತ್ತಾರೆ. "ನಾನ ರೀ" ಎನ್ನುತ್ತೇನೆ. ಅದು ನನಗೆ ರೂಢಿಯಾಗಿದೆ. ಅದಕ್ಕೆ ಸಿಟ್ಟು ಬರುವುದು ಬಿಟ್ಟು ಹತ್ತು ವರ್ಷ ಆಯಿತು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ನಾನು ಹುಟ್ಟಿದ್ದು ಊರ ಅಂಚಿನ ಓಣಿಯಲ್ಲಿ. ನಾನು ಐದನೇ ಇಯತ್ತೆಯಲ್ಲಿದ್ದಾಗ ನಮ್ಮಪ್ಪ ಬುದ್ಧನ ಫೋಟೊ ತಂದು ಗೋಡೆಗೆ ಹಾಕಿ, "ಇನ್ನ ಮ್ಯಾಲ ನಾವು ಯಾರ ಮನಿ ಮುಂದೂ ಚಪ್ಪಲಿ ಕೈಯಾಗ ಹಿಡಿಯಾಂಗಿಲ್ಲ" ಎಂದಿದ್ದ. ನಾವು ಹಿಡಿಯಲಿಲ್ಲ. ಆದರೆ ಊರು ನಮ್ಮಪ್ಪ ಹಾಕಿದ ಫೋಟೊ ನೋಡಿ ಬದಲಾಗಲಿಲ್ಲ.

ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಹೆಡ್‌ಮಾಸ್ತರರು ಒಬ್ಬರಿದ್ದರು. ಅವರನ್ನು ಇಲ್ಲಿ ಸರ್ ಎಂದಷ್ಟೇ ಕರೆಯುತ್ತೇನೆ. ಶರಣರ ವಚನ ಹೇಳಿಕೊಡುವಾಗ ಅವರ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಒಂದು ಸಲ ಶಾಲೆಯ ನೀರಿನ ಕೊಡದಿಂದ ನಾನು ಕುಡಿದ ಮೇಲೆ ನನ್ನ ಹಿಂದಿದ್ದ ಹುಡುಗಿ ಆ ಗ್ಲಾಸು ಮುಟ್ಟದೆ ನಿಂತಳು. ದೂರದಿಂದ ನೋಡಿದ ಸರ್ ದಡದಡ ಬಂದು, ನನ್ನ ಕೈಯಿಂದ ಅದೇ ಗ್ಲಾಸು ಇಸಿದುಕೊಂಡು, ತೊಳೆಯದೆ, ತುಂಬಿಸಿ, ಎಲ್ಲರ ಎದುರು ಗಟಗಟ ಕುಡಿದರು. ಯಾರಿಗೂ ಒಂದು ಮಾತು ಬೈಯಲಿಲ್ಲ. ಗ್ಲಾಸು ಇಟ್ಟು ಹೋದರು. ಹದಿಮೂರು ವರ್ಷದ ನನಗೆ ಆ ದಿನ ಅವರು ದೇವರಿಗಿಂತ ದೊಡ್ಡವರಾಗಿ ಕಂಡರು.

ಹತ್ತನೆಯದು ಮುಗಿದಾಗ ಮನೆಯಲ್ಲಿ ನನ್ನ ಲಗ್ನದ ಮಾತು ಎದ್ದಿತ್ತು. ಸರ್ ಸ್ಕೂಟರಿನ ಮೇಲೆ ನಮ್ಮ ಓಣಿಗೆ ಬಂದು, ನಮ್ಮ ಕಟ್ಟೆಯ ಮೇಲೆ ಕುಳಿತು, "ಈಕಿ ಕೈಯಾಗ ಬುದ್ಧಿ ಐತಿ, ಐಟಿಐಗೆ ಹಾಕ್ರಿ, ಎಲೆಕ್ಟ್ರಿಷಿಯನ್ ಕಲೀಲಿ" ಎಂದು ನಮ್ಮಪ್ಪನಿಗೆ ಹೇಳಿದರು. ನಮ್ಮಪ್ಪ ಒಪ್ಪಿದ. ಹಾಗಾಗಿ ನಾನು ತಿನ್ನುವ ಅನ್ನದಲ್ಲಿ ಸರ್‌ದು ಒಂದು ಪಾಲು ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಅಲ್ಲಗಳೆಯಲು ಆಗದೇ ಇರುವುದರಿಂದಲೇ ಈ ಸಿಟ್ಟು ಇಷ್ಟು ಉರಿಯುತ್ತದೆ.

ಎರಡು ವರ್ಷದ ಹಿಂದೆ, ನಾನು ಸಾಮಾನು ಕೊಳ್ಳುವ ಎಲೆಕ್ಟ್ರಿಕ್ ಅಂಗಡಿಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದರು. ತಿರುಗಿದರೆ ಸರ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿವೃತ್ತರಾಗಿ ಬೈಲಹೊಂಗಲದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ನಾನು ಅಂಗಡಿಯಲ್ಲೇ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಅಂಗಡಿಯವರಿಗೆ, ಅಲ್ಲಿ ನಿಂತಿದ್ದ ಗಿರಾಕಿಗಳಿಗೆ, ಎಲ್ಲರಿಗೂ, "ನನ್ನ ವಿದ್ಯಾರ್ಥಿನಿ ರೀ ಈಕಿ! ನೋಡ್ರಿ, ಹೆಂಗ ಗಂಡಸರ ಸಮ ದುಡೀತಾಳ!" ಎಂದು ತೋರಿಸಿದರು. ನನಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು.

"ನಮ್ಮ ಮನಿಗೆ ಸ್ಪೀಕರ್ ಹಾಕಸಬೇಕಾಗೇತವ್ವ," ಎಂದರು. "ಹಿತ್ತಲದಾಗ ಗಿಡಾ ಹಚ್ಚೇನಿ, ಹುಲ್ಲು ಹಾಕಸೇನಿ. ತಿಂಗಳಿಗೊಮ್ಮೆ ಐತವಾರ ಮುಂಜಾನೆ ನಾಕು ಮಂದಿ ಕೂಡಿ ಶರಣರ ಚಿಂತನ ಮಾಡೂ ವಿಚಾರ. ಹಿತ್ತಲದಾಗ ಮೂರು ಸ್ಪೀಕರ್, ಗೇಟಿನ ಹತ್ರ ಒಂದು, ಮತ್ತ ಒಂದು ಮೈಕ್. ಬ್ಯಾರೆ ಯಾರ ಕಡೆನೂ ಮಾಡಸಾಂವ ಅಲ್ಲ ನಾ. ನೀನ ಬಾ."

ಮರುದಿನವೇ ಹೋದೆ.

ಮನೆ ಚಂದ ಇತ್ತು. ಹೊರಬಾಗಿಲಿನಿಂದ ಒಳಗೆ ಬಂದರೆ ದೊಡ್ಡ ಪಡಸಾಲೆ. ಅದರ ಒಂದು ಗೋಡೆಗೆ ಕಟ್ಟಿದ ಕಪಾಟಿನಲ್ಲಿ ಟಿ.ವಿ., ಅದರ ಕೆಳಗೆ ಹೊಸ ಆಂಪ್ಲಿಫೈಯರ್. ಪಡಸಾಲೆಯ ಹಿಂದೆ ಒಂದು ಸಣ್ಣ ಓಡುದಾರಿ. ಅದರ ಎಡಕ್ಕೆ ದೇವರ ಮನೆ ಮತ್ತು ಅಡುಗೆಮನೆ, ಬಲಕ್ಕೆ ಹೊರಗೋಡೆ. ಓಡುದಾರಿ ಮುಗಿದಲ್ಲಿ ಹಿತ್ತಲ ಬಾಗಿಲು. ಬಾಗಿಲು ತೆಗೆದರೆ ಹುಲ್ಲು, ಗಿಡ, ಕಟ್ಟೆ. ಆಂಪ್ಲಿಫೈಯರಿನಿಂದ ಹಿತ್ತಲಿಗೆ ನೇರ ಗೆರೆ ಎಳೆದರೆ ಇಪ್ಪತ್ತೇ ಅಡಿ. ಗೇಟಿನದಕ್ಕೆ ಮುಂದಿನ ಕಿಟಕಿಯಿಂದ ಬೇರೆ ವೈರು, ಅದು ತೊಂದರೆ ಇಲ್ಲ.

ನಾನು ಓಡುದಾರಿಯೊಳಗೆ ಹೋಗಿ ನೋಡಿದೆ. ನನ್ನ ಅದೃಷ್ಟಕ್ಕೆ ಅಲ್ಲಿ ಇನ್ವರ್ಟರಿನ ಕೆಲಸದವರು ಒಂದು ದಪ್ಪ ಪೈಪನ್ನೂ ಅದರ ಪಕ್ಕ ಒಂದು ಖಾಲಿ ಪೈಪನ್ನೂ ಮೊದಲೇ ಕೂಡಿಸಿಟ್ಟಿದ್ದರು. ಖಾಲಿ ಪೈಪು ಪಡಸಾಲೆಯ ಕಪಾಟಿನ ಹಿಂದಿನಿಂದ ಹಿತ್ತಲ ಬಾಗಿಲ ತಲೆಯ ತನಕ ಇತ್ತು. ಒಂದು ತೂತು ಕೂಡ ಕೊರೆಯಬೇಕಾಗಿರಲಿಲ್ಲ. ನಾನು ಖುಷಿಯಿಂದ ಪೆನ್ಸಿಲ್ ತೆಗೆದು ಬಾಗಿಲ ಮೇಲೆ ಒಂದು ಗುರುತು ಮಾಡುತ್ತಿದ್ದೆ.

"ಯಾರವರು? ಒಳಗ್ಯಾಕ ಬಂದಿ?"

ಅಡುಗೆಮನೆಯ ಬಾಗಿಲಲ್ಲಿ ಸರ್ ಅವರ ಹೆಂಡತಿ. ಕೈಯಲ್ಲಿ ಒದ್ದೆ ಬಟ್ಟೆ. ನಾನು ಕೈ ಮುಗಿದು, "ಸ್ಪೀಕರಿನ ಕೆಲಸಕ್ಕ ಬಂದೇನ್ರೀ ಅಮ್ಮಾರ. ಸುರೇಬಾನದ ಸಾಲ್ಯಾಗ ಸರ್ ಕಡೆ ಕಲ್ತಾಕಿ" ಎಂದೆ. ಅವರು ನನ್ನ ಮುಖ ನೋಡಿದರು, ಕೊರಳು ನೋಡಿದರು, ಹಣೆ ನೋಡಿದರು. ಅಷ್ಟರಲ್ಲೇ ನನ್ನ ಊರು, ಓಣಿ, ಮನೆತನ ಎಲ್ಲ ಲೆಕ್ಕ ಹಾಕಿಬಿಟ್ಟಿದ್ದರು. ಸುರೇಬಾನದಲ್ಲಿ ಅವರೂ ಇಪ್ಪತ್ತು ವರ್ಷ ಇದ್ದವರೇ.

"ನೀ ಪಡಸಾಲ್ಯಾಗ ಕುಂಡ್ರು, ಅವರನ್ನ ಕರೀತೇನಿ," ಎಂದರು.

ನಾನು ಪಡಸಾಲೆಗೆ ಬಂದೆ. ಕುಳಿತುಕೊಳ್ಳಲಿಲ್ಲ. ಒಳಗೆ ಮಾತು ನಡೆಯಿತು. ಅಮ್ಮಾರು ಸಣ್ಣ ದನಿಯಲ್ಲಿ ಏನೋ ಅಂದರು. ಸರ್, "ಹಂಗಲ್ಲೇ..." ಎಂದರು. ಮತ್ತೆ ಅಮ್ಮಾರು. ಮತ್ತೆ ಸರ್, "ಆತು, ಆತು" ಎಂದರು. ಆ 'ಆತು' ಎರಡು ಸಲ ಬಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಒಂದು ನಿಮಿಷವಾದರೂ ಜಗಳ ಆಡಿದ್ದರೆ ನಾನು ಅವರನ್ನು ಕ್ಷಮಿಸುತ್ತಿದ್ದೆನೇನೊ.

ಸರ್ ಹೊರಗೆ ಬಂದು ಕಿಟಕಿಯ ಕಡೆ ನೋಡುತ್ತ, "ಹೊರಗಿಂದನ ಎಳದ್ರ ಹೆಂಗವ್ವ?" ಎಂದರು.

"ಯಾಕ್ರಿ ಸರ್? ಒಳಗ ಖಾಲಿ ಪೈಪ್ ಐತ್ರಿ. ಇಪ್ಪತ್ತ ಅಡಿ. ಹೊರಗಿಂದ ಹೋದ್ರ ಇಡೀ ಮನಿ ಸುತ್ತು ಹಾಕಬೇಕಾಗತೈತಿ."

"ಗ್ವಾಡಿ ಹೊಸಾವು. ಬಣ್ಣ ಹಾಳಾಗತೈತಿ."

"ಗ್ವಾಡಿ ಮುಟ್ಟಾಂಗೇ ಇಲ್ರಿ ಸರ್. ಪೈಪ್ನ್ಯಾಗ ವೈರ್ ದಬ್ಬೂದು ಅಷ್ಟ. ಹತ್ತು ನಿಮಿಷ."

ಸರ್ ವಚನ ಹೇಳುವಾಗ ಮುಚ್ಚಿಕೊಳ್ಳುತ್ತಿದ್ದ ಹಾಗೇ ಕಣ್ಣು ಮುಚ್ಚಿಕೊಂಡು, "ನನಗೇನಿಲ್ಲವ್ವ. ನಿನಗ ಗೊತ್ತೈತಿ, ನಾ ಎಂಥಾಂವ ಅಂತ. ಮನ್ಯಾಗಿನವರದು ಒಂದೀಟು ಮಡಿ. ದೇವರ ಮನಿ ಮಗ್ಗಲಕ್ಕ ಐತಲ್ಲ. ನೀ ಶಾಣ್ಯಾಕಿ, ತಿಳ್ಕೊ" ಎಂದರು.

ನನ್ನ ಕೈಯಲ್ಲಿ ಟೇಪು ಇತ್ತು. ಅದನ್ನು ಚೀಲಕ್ಕೆ ಹಾಕಿ, ಚೀಲ ಎತ್ತಿ, ಚಪ್ಪಲಿ ಮೆಟ್ಟಿ ಹೊರಟುಬಿಡಬೇಕಿತ್ತು. ಇದನ್ನು ಓದುವ ನೀವೂ ಅದನ್ನೇ ಅಂದುಕೊಂಡಿರುತ್ತೀರಿ. ನಾನು ಹೊರಡಲಿಲ್ಲ. ನನ್ನೆದುರು ನಿಂತವರು ಆ ಗ್ಲಾಸಿನ ನೀರು ಕುಡಿದ ಸರ್. ನನ್ನ ಬಾಯಿಂದ ಬಂದದ್ದು, "ಆತ್ರಿ ಸರ್." ನಾನೂ 'ಆತು' ಎಂದೆ. ಅವರು ಎರಡು ಸಲ ಎಂದರು, ನಾನು ಒಂದು ಸಲ ಎಂದೆ, ಅಷ್ಟೇ ವ್ಯತ್ಯಾಸ. ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಆದರೂ ಒಂದು ಮಾತು ಹೇಳಿದೆ. ಮನೆಗೂ ಕಂಪೌಂಡಿಗೂ ನಡುವೆ ಒಂದು ಬದಿ ಕಾರು ನಿಲ್ಲುವ ಶೆಡ್ಡು, ಅಲ್ಲಿ ವೈರು ಹಾಯಿಸಲು ಬರುವುದಿಲ್ಲ. ಇನ್ನೊಂದು ಬದಿ ಎರಡಡಿಯ ಸಂದಿ, ಅಲ್ಲಿ ಬೋರಿನ ಮೋಟಾರಿನ ಕರೆಂಟಿನ ವೈರು ಹಾದುಹೋಗಿತ್ತು. "ಸ್ಪೀಕರಿನ ವೈರಿಗೆ ಏನಾಗಾಂಗಿಲ್ರಿ. ದಪ್ಪ ವೈರು ಹಾಕಿದ್ರ ಸಾಕು, ಇಲ್ಲಾಂದ್ರ ಇಷ್ಟು ದೂರಕ್ಕ ದನಿ ಸೋರಿ ಹೋಗತೈತಿ. ಆದ್ರ ಮೈಕಿನ ವೈರು ನಾಜೂಕು. ಮೋಟಾರಿನ ವೈರಿನ ಮಗ್ಗಲಕ್ಕ ಹೋದ್ರ, ಮೋಟಾರು ಚಾಲೂ ಆದಾಗೆಲ್ಲ ಗುಂಯ್ ಅಂತೈತಿ. ಆಂಪ್ಲಿಫೈಯರ್ ಹಿತ್ತಲದಾಗ ಇಟ್ರ ಹೆಂಗ್ರಿ?"

"ಹಿತ್ತಲದಾಗ ಮಳಿ ಬಡೀತೈತಿ. ಪಡಸಾಲ್ಯಾಗ ನನ್ನ ಕೈಗೆ ಸಿಗೂ ಹಂಗ ಇರಲಿ. ಗುಂಯ್ ಅಂದ್ರ ಅನ್ನಲಿ ಬಿಡವ್ವ, ನಡೀತೈತಿ."

ಎರಡು ದಿನ ಆ ಸಂದಿಯಲ್ಲಿ ಕಳೆದೆ. ಬೆನ್ನಿಗೆ ಕಂಪೌಂಡು, ಎದೆಗೆ ಮನೆಯ ಗೋಡೆ. ಮೊಳಕೈ ಬಗ್ಗಿಸಿ ಡ್ರಿಲ್ ಹಿಡಿಯಲು ಜಾಗವಿಲ್ಲ. ಗಿಲಾವಿನ ಸಿಮೆಂಟ್ ಪುಡಿ ನೇರ ಕಣ್ಣಿಗೆ. ಬಿಸಿಲಿಗೆ ಗೋಡೆ ಕಾದು ಹಂಚಿನ ಹಾಗಾಗಿತ್ತು. ಪೈಪು ಕೂಡಿಸುತ್ತ, ಕ್ಲಾಂಪು ಹೊಡೆಯುತ್ತ, ಮೈಕಿನ ವೈರನ್ನು ಮೋಟಾರಿನ ವೈರಿನಿಂದ ಆದಷ್ಟು ಮೇಲಕ್ಕೆ ಎತ್ತಿ ಕಟ್ಟುತ್ತ ಹೋದೆ. ಎರಡಡಿ ಸಂದಿಯಲ್ಲಿ ಎಷ್ಟು ಎತ್ತಿದರೇನು?

ಆ ಸಂದಿಗೆ ಓಡುದಾರಿಯ ಒಂದು ಸಣ್ಣ ಕಿಟಕಿ ಇತ್ತು. ಮೊದಲನೆಯ ದಿನ ಮಧ್ಯಾಹ್ನ ಏಣಿ ಹತ್ತಿದಾಗ ಕಣ್ಣು ಅದರೊಳಗೆ ಹೋಯಿತು. ಅಮ್ಮಾರು ನಾನು ಪೆನ್ಸಿಲ್ ಗುರುತು ಹಾಕಿದ ಕಡೆ ಕುರ್ಚಿ ಹಾಕಿಕೊಂಡು ಅದನ್ನು ಒರೆಸುತ್ತಿದ್ದರು. ಇಳಿದ ಮೇಲೆ ಬಕೆಟ್ಟು ತಂದು ನಾನು ನಿಂತಿದ್ದ ಫರಸಿಯನ್ನೂ ಒರೆಸಿದರು. ಒಮ್ಮೆ ಅಲ್ಲ, ನೀರು ಬದಲಿಸಿ ಎರಡು ಸಲ. ಇನ್ವರ್ಟರಿನ ಕೆಲಸದವರು ಅಲ್ಲೇ ಗೋಡೆ ಒಡೆದು, ಬೀಡಿ ಸೇದಿ, ಮಣ್ಣುಗಾಲಲ್ಲಿ ಓಡಾಡಿ ಹೋಗಿರಬೇಕು. ನಾನು ಹೊರಗೆ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ನಿಂತಿದ್ದೆ.

ಏಣಿಯ ಮೇಲೆ ನಿಂತಲ್ಲೇ ಕೆಳಗೆ ಬೀಳಬಾರದು ಎಂದು ಮೋಟಾರಿನ ಪೈಪು ಹಿಡಿದುಕೊಂಡೆ. ಅಳು ಬಂದಿತ್ತು ಎಂದು ಬರೆದರೆ ಓದುವವರಿಗೆ ಅಯ್ಯೋ ಅನಿಸೀತು. ಆದರೆ ಬಂದದ್ದು ಅಳುವಲ್ಲ. ಡ್ರಿಲ್ಲಿನ ಮೊನೆಯನ್ನು ಆ ಕಿಟಕಿಯ ಗಾಜಿಗೆ ಇಟ್ಟು ಒತ್ತಿಬಿಡಬೇಕು ಅನಿಸಿತು.

ಒತ್ತಲಿಲ್ಲ. ಕೆಲಸ ಮುಗಿಸಿದೆ. ಅಚ್ಚುಕಟ್ಟಾಗಿಯೇ ಮುಗಿಸಿದೆ, ಯಾಕೆಂದರೆ ಅದು ನನ್ನ ಕೆಲಸ. ಪ್ರತಿ ಜಾಯಿಂಟು ಡಬ್ಬಿಯೊಳಗೆ, ಡಬ್ಬಿಯ ಬಾಯಿ ಕೆಳಕ್ಕೆ, ಮಳೆ ನೀರು ಹೊಗದ ಹಾಗೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಒಂದು ಸ್ಪೀಕರಿಗೆ ಉಲ್ಟಾ ಆದರೂ ಎರಡರ ದನಿ ಒಂದನ್ನೊಂದು ನುಂಗುತ್ತದೆ ಎಂದು ಒಂದೊಂದನ್ನೂ ಪರೀಕ್ಷೆ ಮಾಡಿದೆ. ಮೋಟಾರು ಬಂದ್ ಇದ್ದಾಗ ದನಿ ಗಂಟೆಯಂತೆ ಬಂತು. ಸರ್ ಮೈಕು ಹಿಡಿದು ಕೆಮ್ಮಿ, ಒಂದು ವಚನ ಹೇಳಿ, ತಮ್ಮ ದನಿ ತಾವೇ ಕೇಳಿ ಹಿಗ್ಗಿದರು. "ಐತವಾರ ಮೊದಲನೇ ಗೋಷ್ಠಿ. ನೀನೂ ಬರಬೇಕವ್ವ" ಎಂದರು. ಮೊದಲನೆಯ ಸಲ ನಡೆಯುವಾಗ ಕೆಲಸದವರು ಹತ್ತಿರ ಇರುವುದು ಒಳ್ಳೆಯದು. ಆ ಕಾರಣಕ್ಕೆ ಒಪ್ಪಿದೆ.

ಐತವಾರ ಮೂವತ್ತು ಜನ ಬಂದಿದ್ದರು. ನಿವೃತ್ತ ಮಾಸ್ತರರು, ಇಬ್ಬರು ವಕೀಲರು, ಅಡತಿ ಅಂಗಡಿಯವರು, ಬಿಳಿ ಸೀರೆಯ ಒಂದಷ್ಟು ಹಿರಿಯ ಹೆಂಗಸರು. ಶೆಡ್ಡಿನ ಕಡೆಯಿಂದ ಹಿತ್ತಲಿಗೆ ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತರು. ನಾನು ಚೀಲ ಇಟ್ಟುಕೊಂಡು ಕೊನೆಯ ಸಾಲಿನಲ್ಲಿ ಕುಳಿತೆ. ಸರ್ ಎದ್ದು ನಿಂತು, ಕಾಯಕ ಮಾಡುವವನಿಗೆ ಕುಲವಿಲ್ಲ ಎಂಬ ವಿಷಯ ತೆಗೆದುಕೊಂಡರು. ನಾನು ನನ್ನ ಅಂಗೈಯ ಬೊಬ್ಬೆ ನೋಡುತ್ತ ಕೇಳಿದೆ.

ಬಂದವರೆಲ್ಲ ಕೈಕಾಲು ತೊಳೆದಿದ್ದರು, ಉಪ್ಪಿಟ್ಟಿನ ತಾಟು ತೊಳೆಯಲು ನಳ ಬಿಟ್ಟಿದ್ದರು. ಮೇಲಿನ ಟಾಕಿಯಲ್ಲಿ ನೀರು ಇಳಿದು ಮೋಟಾರು ತಾನಾಗಿಯೇ ಚಾಲೂ ಆಯಿತು. ಅದಕ್ಕೆ ಅಂಥ ಸ್ವಿಚ್ಚು ಇತ್ತು. ಕೂಡಲೇ ನಾಲ್ಕೂ ಸ್ಪೀಕರಿನಿಂದ ಗುಂಯ್ ಎಂದು ಶುರುವಾಯಿತು. ಕಣಜದ ಗೂಡಿಗೆ ಕಲ್ಲು ಬಿದ್ದ ಹಾಗೆ. ಸರ್ ದನಿ ಏರಿಸಿದರು, ಗುಂಯ್ ಎನ್ನುವುದು ಅದನ್ನೂ ನುಂಗಿತು. ಜನ ಕಿವಿ ಮುಚ್ಚಿ ನಗತೊಡಗಿದರು.

ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದರು. ಅವರು ಎದ್ದು ವೈರಿನ ದಾರಿ ನೋಡುತ್ತ ಸಂದಿಯ ತನಕ ಹೋಗಿ ಬಂದರು. "ಏನ್ರಿ ಸರ್ ಇದು? ಮೈಕಿನ ವೈರು ಮೋಟಾರಿನ ವೈರಿನ ಜೋಡಿ ಹಾಕ್ಯಾರಲ್ಲ! ಇಲ್ಲೇ ಬಾಗಲದಿಂದ ಒಳಗ ಹೋದ್ರ ಆಂಪ್ಲಿಫೈಯರ್ ಕೈ ಅಳತ್ಯಾಗ ಐತಿ. ಯಾರು ಮಾಡಿದ್ದು ಇದನ್ನ?"

ಸರ್ ನನ್ನ ಕಡೆ ನೋಡಿದರು. ನಾನೂ ಅವರ ಕಡೆ ನೋಡಿದೆ. ಅವರು ಏನಾದರೂ ಒಂದು ಹೇಳಿ ಮುಗಿಸುತ್ತಾರೆ ಅಂದುಕೊಂಡೆ. ಬಣ್ಣ ಹಾಳಾಗತೈತಿ ಎಂಬ ಅದೇ ನೆಪ ಹೇಳಿದ್ದರೂ ನಾನು ಸುಮ್ಮನೆ ಕುಳಿತಿರುತ್ತಿದ್ದೆ.

ಸರ್ ನಗುತ್ತ, "ನಮ್ಮ ಹಳೇ ವಿದ್ಯಾರ್ಥಿನಿ ರೀ, ಅಕಾ ಅಲ್ಲಿ ಕುಂತಾಳ. ಹೆಣ್ಣಮಗಳು, ನಾಕು ಮಂದಿ ಮುಂದ ಬರ್ಲಿ ಅಂತ ಕೆಲಸ ಕೊಟ್ಟೆ. ಆಕಿಗೆ ಹಂಗ ಸರಿ ಅನಿಸೇತಿ, ಎಳದಾಳ. ಇನ್ನೂ ಕಲೀಬೇಕು, ಕಲೀತಾಳ," ಎಂದರು.

ನನ್ನ ಕಿವಿಯೊಳಗೆ ಏನೋ ಕಡಿದ ಹಾಗಾಯಿತು. ಒಳಗೆ ಬರಬೇಡ ಎಂದದ್ದನ್ನು ನುಂಗಿದ್ದೆ. ಫರಸಿ ಒರೆಸಿದ್ದನ್ನು ನುಂಗಿದ್ದೆ. ಆದರೆ ಇದು ನನ್ನ ಕೆಲಸ. ನನಗೆ ಕೆಲಸ ಬರುವುದಿಲ್ಲ ಎಂದು ಮೂವತ್ತು ಜನರ ಎದುರು ಹೇಳಿದರು. ಅದೂ ಗೊತ್ತಿದ್ದೂ ಹೇಳಿದರು.

ನಾನು ಎದ್ದು ನಿಂತೆ. ದನಿ ನನ್ನದೇ ಅನ್ನಿಸಲಿಲ್ಲ.

"ಸರ್, ಸುಳ್ಳು ಹೇಳಬ್ಯಾಡ್ರಿ. ಮೋಟಾರಿನ ಮಗ್ಗಲಕ್ಕ ಹೋದ್ರ ಗುಂಯ್ ಅಂತೈತಿ ಅಂತ ನಾ ನಿಮಗ ಮೊದಲ ಹೇಳೇನಿ. ಒಳಗ ಖಾಲಿ ಪೈಪ್ ಐತಿ ಅಂತನೂ ಹೇಳೇನಿ. ನೀವು ಏನಂದ್ರಿ? ದೇವರ ಮನಿ ಮಗ್ಗಲಕ್ಕ ಐತಿ, ಮನ್ಯಾಗಿನವರದು ಮಡಿ ಐತಿ, ನೀ ತಿಳ್ಕೊ ಅಂದ್ರಿ. ನಾ ತಿಳ್ಕೊಂಡೆ. ಈಗ ಇವರಿಗೂ ತಿಳೀಲಿ."

ಗುಂಯ್ ಎನ್ನುವುದೊಂದೇ ನಡೆದಿತ್ತು. ಹಿತ್ತಲ ಬಾಗಿಲಲ್ಲಿ ಅಮ್ಮಾರು ಬಂದು ನಿಂತಿದ್ದರು. ಅವರು ಸೆರಗು ಸರಿಮಾಡಿಕೊಂಡು, "ಹೌದು, ನಾನ ಅಂದೇನಿ," ಎಂದರು. "ನಮ್ಮ ಮನಿ ಪದ್ಧತಿ ಅದು, ನಮ್ಮ ಅತ್ತಿ ಹಾಕಿಕೊಟ್ಟಿದ್ದು. ಅದರಾಗ ಮುಚ್ಚಿಡೂದೇನೈತಿ?"

ವಿಚಿತ್ರವೆಂದರೆ ಆ ಕ್ಷಣಕ್ಕೆ ಇಡೀ ಹಿತ್ತಲಿನಲ್ಲಿ ನನಗೆ ಸಹ್ಯವಾದವರು ಅವರೊಬ್ಬರೇ. ಅವರು ನನ್ನನ್ನು ಕೀಳು ಅಂದುಕೊಂಡಿದ್ದರು, ಹಾಗೆಂದು ನೇರವಾಗಿ ಹೇಳಿದರು. ಉಳಿದವರದು ಏನು ಎಂದು ನೋಡಿಯೇಬಿಡೋಣ ಅನಿಸಿತು.

"ಇಲ್ಲಿ ಕುಂತವರೆಲ್ಲ ದೊಡ್ಡವರು ಅದೀರಿ," ಎಂದೆ. "ಕಾಯಕಕ್ಕ ಕುಲ ಇಲ್ಲ ಅಂತ ಈಗಷ್ಟ ಕೇಳೀರಿ. ನನ್ನ ಚೀಲದಾಗ ವೈರ್ ಐತಿ. ಒಳಗ ಹೋಗಿ ಪೈಪ್ನ್ಯಾಗ ದಬ್ಬಿ ಬರತೇನಿ. ಹತ್ತು ನಿಮಿಷ. ನಿಮ್ಮೊಳಗ ಒಬ್ಬರಾದ್ರೂ ಹೂಂ ಅನ್ರಿ. ಒಬ್ಬರು ಸಾಕು."

ವಕೀಲರು ಮೊಬೈಲ್ ನೋಡಿಕೊಂಡರು. ಅಡತಿಯವರು ಗಿಡ ನೋಡಿದರು. ಬಿಳಿ ಸೀರೆಯ ಒಬ್ಬ ಹಿರಿಯಾಕೆ, "ಸಿಟ್ಟಿನ ಕೈಯಾಗ ಬುದ್ಧಿ ಕೊಡಬಾರದು ತಂಗಿ, ಇವತ್ತೊಂದಿನ ಬ್ಯಾಡ, ಕಾರ್ಯಕ್ರಮ ಮುಗೀಲಿ" ಎಂದರು. ಎಂಜಿನಿಯರ್ ಸಾಹೇಬರು ತಪ್ಪು ತಮ್ಮದೇ ಎನ್ನುವಂತೆ ಕುರ್ಚಿಯಲ್ಲಿ ಕುಸಿದರು. ಸರ್ ಮೈಕಿನ ಕಂಬ ಹಿಡಿದುಕೊಂಡು ನಿಂತೇ ಇದ್ದರು. ಒಬ್ಬರೂ ಹೂಂ ಅನ್ನಲಿಲ್ಲ.

ನಾನು ಸಂದಿಗೆ ಹೋಗಿ ಮೋಟಾರಿನ ಸ್ವಿಚ್ಚು ಬಂದ್ ಮಾಡಿದೆ. ಗುಂಯ್ ಎನ್ನುವುದು ಕತ್ತರಿಸಿದ ಹಾಗೆ ನಿಂತಿತು. "ಗೋಷ್ಠಿ ಇದ್ದಾಗೆಲ್ಲ ಇದನ್ನ ಬಂದ್ ಇಡ್ರಿ. ಗುಂಯ್ ಅನ್ನಾಂಗಿಲ್ಲ," ಎಂದು ಹೇಳಿ ಗೇಟಿನಿಂದ ಹೊರಗೆ ಬಂದೆ. ಬಡಾವಣೆಯ ತಿರುವು ತಲುಪಿದಾಗ ಗೇಟಿನ ಸ್ಪೀಕರಿನಲ್ಲಿ ಯಾರೋ ಪ್ರಾರ್ಥನೆ ಹಾಡತೊಡಗಿದ್ದು ಕೇಳಿತು. ಸ್ವಚ್ಛವಾಗಿ ಕೇಳಿತು.

ಕಬ್ಬಿನ ಹಂಗಾಮು ಮುಗಿದಿದ್ದರಿಂದ ಗಂಡ ಮನೆಯಲ್ಲೇ ಇದ್ದ. ಎಲ್ಲ ಹೇಳಿದೆ. ಅವನು ನನ್ನನ್ನು ಹೊಗಳಬಹುದು ಎಂಬ ಆಸೆ ಇತ್ತು. ಅವನು, "ಅದನ್ನ ಮೊದಲನೇ ದಿನಾನ ಅನ್ನಬೇಕಿತ್ತು. ಯಾಕ ಎರಡ ದಿನ ದುಡದಿ ಅಲ್ಲಿ?" ಎಂದ. ಅವನ ಮೇಲೂ ರೇಗಾಡಿದೆ. "ನೀ ಇದ್ದಿದ್ರ ಬಿಟ್ಟು ಬರ್ತಿದ್ದಿಯೇನು?" ಎಂದೆ. "ಬರ್ತಿದ್ದಿಲ್ಲ," ಎಂದ. "ಅದಕ್ಕ ಕೇಳಿದೆ. ನಾವಿಬ್ಬರೂ ಯಾಕ ಬರೂದಿಲ್ಲ ಅಂತ."

ಹದಿನೈದು ದಿನವಾದ ಮೇಲೆ ಒಂದು ಸಂಜೆ ಸರ್ ನಮ್ಮ ಮನೆಗೆ ಬಂದರು. ಒಬ್ಬರೇ. ಕುರ್ಚಿ ಹಾಕಿದೆ. ಅವರು ಕುರ್ಚಿ ಬಿಟ್ಟು ಒಳಗೆ ಬಂದು ನಮ್ಮ ಚಾಪೆಯ ಮೇಲೆ ಕುಳಿತರು. ಕೇಳದೆಯೇ, "ಒಂದೀಟು ಚಾ ಮಾಡವ್ವ" ಎಂದರು. ಮಾಡಿಕೊಟ್ಟೆ. ಕುಡಿದರು. ಬಸಿಯಲ್ಲಿ ಸುರಿದುಕೊಂಡು, ಕೊನೆಯ ಹನಿಯ ತನಕ ಕುಡಿದರು.

"ಅವತ್ತ ಸುಳ್ಳು ಹೇಳಿದ್ದು ತಪ್ಪಾತವ್ವ," ಎಂದರು. "ಎಲ್ಲಾರ ಮುಂದ ನನಗ ಏನೂ ತೋಚಲಿಲ್ಲ. ನಿನಗ ಕೆಲಸ ಬರತೈತಿ. ಎಂಜಿನಿಯರಿಗೂ ಹಂಗ ಹೇಳೇನಿ."

ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣೂ ತುಂಬಿತು, ಸುಳ್ಳು ಹೇಳುವುದಿಲ್ಲ. ನನ್ನನ್ನು ಐಟಿಐಗೆ ಹಾಕಿಸಿದ ಮನುಷ್ಯ ನನ್ನ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು.

"ಹಂಗಾದ್ರ ನಾಳಿ ಬಂದು ವೈರು ಒಳಗ ಎಳೀಲೇನ್ರಿ ಸರ್?" ಎಂದೆ.

ಅವರು ಬಸಿ ಕೆಳಗಿಟ್ಟರು. "ಅದೊಂದು ಬಿಟ್ಟು ಬ್ಯಾರೆ ಏನರ ಕೇಳವ್ವ. ನಾ ಆಕಿ ಜೋಡಿ ಈ ವಯಸ್ಸಿನ್ಯಾಗ ಜಗಳ ಆಡಲಾರೆ. ನೀ ನೋಡೀದಿ, ನಿನ್ನ ಮನಿ ಚಾ ಕುಡದೇನಿ. ನನ್ನ ಮನಸ್ಸಿನ್ಯಾಗ ಏನೂ ಇಲ್ಲ."

ಬಂದಿದ್ದ ಕಣ್ಣೀರು ಅಲ್ಲೇ ಒಣಗಿತು. ಚಾ ಕುಡಿದಿದ್ದಕ್ಕೆ ನಾನು ಲೆಕ್ಕ ಇಟ್ಟುಕೊಳ್ಳಬೇಕಿತ್ತೇ? ಅವರಿಗೆ ನಮ್ಮ ಮನೆಯಲ್ಲಿ ಕುಡಿಯಲು ಧೈರ್ಯವಿದೆ. ಶಾಲೆಯಲ್ಲಿ ಮಕ್ಕಳ ಎದುರು ಕುಡಿಯಲೂ ಧೈರ್ಯವಿತ್ತು. ಆ ಧೈರ್ಯಕ್ಕೆ ಅವರ ಮನೆಯಲ್ಲಿ ಏನೂ ಖರ್ಚಾಗುವುದಿಲ್ಲ. ಇಪ್ಪತ್ತಡಿ ವೈರು ಒಳಗೆ ಹೋಗಬೇಕಾದರೆ ಮಾತ್ರ ತಮ್ಮ ಹೆಂಡತಿಯ ಎದುರು ಒಂದು ಮಾತು ಆಡಬೇಕು. ಅದಾಗುವುದಿಲ್ಲ.

"ನನ್ನ ಮನಸ್ಸಿನ್ಯಾಗ ಐತ್ರಿ ಸರ್," ಎಂದೆ. "ಬಹಳ ಐತಿ. ಇನ್ನ ನೀವು ಬರಬ್ಯಾಡ್ರಿ."

ಅವರು ಎದ್ದು ಹೋದರು. ಹಿರಿಯರಿಗೆ ಹಾಗೆಂದದ್ದಕ್ಕೆ ನನ್ನ ಅವ್ವ ಫೋನಿನಲ್ಲಿ ಬೈದಳು. ನನಗೆ ಪಶ್ಚಾತ್ತಾಪ ಆಗಲಿಲ್ಲ, ಈಗಲೂ ಇಲ್ಲ.

ಆ ಬಡಾವಣೆಯಲ್ಲಿ ಮಾತು ಕೊಟ್ಟಿದ್ದ ಮೂರು ಮನೆಯವರು ಬೇರೆಯವರನ್ನು ಕರೆದರು. ಬಾಯಿ ಜೋರು ಎಂಬ ಹೆಸರು ಬಂತು. ಆದರೆ ಎಂಜಿನಿಯರ್ ಸಾಹೇಬರು ಸವದತ್ತಿಯಲ್ಲಿರುವ ತಮ್ಮ ಮಗಳ ಮನೆಗೆ ನನ್ನನ್ನೇ ಕಳಿಸಿದರು, ಅಲ್ಲಿಂದ ಉಗರಗೋಳದ ಎರಡು ಅಂಗಡಿಯ ಕೆಲಸ ಬಂದವು. ಹೊಟ್ಟೆಗೆ ಕಡಿಮೆಯಾಗಲಿಲ್ಲ. ಆ ಐತವಾರ ಅವರೂ ಹೂಂ ಅಂದಿರಲಿಲ್ಲ ಎಂಬುದು ನನಗೆ ನೆನಪಿದೆ. ಅವರಿಗೂ ನೆನಪಿರಬೇಕು.

ಈಗ ಯಾವ ಮನೆಗೆ ಹೋದರೂ, ಟೇಪು ಬಿಚ್ಚುವ ಮೊದಲು ಕೇಳುತ್ತೇನೆ: "ವೈರು ಒಳಗ ಎಳೀಬೇಕೋ, ಹೊರಗೋ?" ಹೊರಗೆ ಎಂದರೆ ಯಾಕೆ ಎನ್ನುತ್ತೇನೆ. ಸರಿಯಾದ ಕಾರಣ ಹೇಳದಿದ್ದರೆ ಚೀಲ ಎತ್ತುತ್ತೇನೆ. ಎರಡು ಸಲ ಎತ್ತಿದ್ದೇನೆ.

ಹೋದ ತಿಂಗಳು ಕಿತ್ತೂರಿನಲ್ಲಿ ಒಂದು ಮನೆಗೆ ಹೋಗಿದ್ದೆ. ಮಾಳಿಗೆಯ ಮೇಲೆ ಎರಡು ಸ್ಪೀಕರ್ ಹಾಕುವ ಕೆಲಸ. ಆ ಮನೆಯ ಸೊಸೆ, ನನ್ನಷ್ಟೇ ವಯಸ್ಸಿನಾಕೆ, ನಗುತ್ತ ಬಾಗಿಲು ತೆಗೆದು, "ಹೊರಗಿಂದ ಎಳದಬಿಡ್ರಿ ಅಕ್ಕಾ" ಎಂದಳು. ನನಗೆ ರಕ್ತ ತಲೆಗೇರಿತು. ಚೀಲ ಧಪ್ಪನೆ ಇಳಿಸಿ, "ಯಾಕ? ನಾ ಒಳಗ ಬಂದ್ರ ಏನ ಮೈಲಿಗಿ ಆಗತೈತಿ ನಿಮ್ಮ ಮನಿಗೆ?" ಎಂದುಬಿಟ್ಟೆ.

ಆಕೆಯ ನಗು ಹಾಗೇ ನಿಂತಿತು. "ಇಲ್ಲಕ್ಕಾ... ಒಳಗ ಕೂಸು ಮಲಗೇತಿ. ಡ್ರಿಲ್ಲಿನ ಸಪ್ಪಳಕ್ಕ ಎದ್ದ ಬಿಡತೈತಿ ಅಂತ ಅಂದೆ. ಬರ್ರಿ, ಒಳಗ ಬರ್ರಿ, ಕೂಸಿನ ಎತ್ಕೋತೇನಿ," ಎಂದು ಗಡಬಡಿಸಿ ಒಳಗೆ ಓಡಿದಳು. ನಿದ್ದೆ ಕೆಟ್ಟ ಕೂಸು ಚೀರತೊಡಗಿತು. ಆಕೆ ಅದನ್ನು ಹೆಗಲ ಮೇಲೆ ಹಾಕಿಕೊಂಡು, ನನಗೆ ನೀರು ತಂದುಕೊಟ್ಟು, ನನ್ನ ಮುಖ ನೋಡಲು ಹೆದರುತ್ತ ನಿಂತಳು. ನಾನು ತಪ್ಪಾಯಿತು ಎಂದೆ. ಆಕೆ ಇರಲಿ ಬಿಡ್ರಿ ಎಂದಳು. ಕೆಲಸ ಮುಗಿಯುವ ತನಕ ನಮ್ಮಿಬ್ಬರ ನಡುವೆ ಆ ಮಾತು ಹಾಗೇ ಉಳಿಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಗೆ ತಲೆ ಕೊಟ್ಟು ಕುಳಿತಿದ್ದೆ. ಒಳ್ಳೆಯ ಹೆಣ್ಣುಮಗಳೊಬ್ಬಳು ಕೂಸಿನ ನಿದ್ದೆಗೆಂದು ಆಡಿದ ಮಾತು ನನ್ನ ಕಿವಿಗೆ ಬೈಗುಳವಾಗಿ ಕೇಳಿಸಿತ್ತು. ನನ್ನನ್ನು ಹೀಗೆ ಮಾಡಿಟ್ಟವರು ತಮ್ಮ ಹಿತ್ತಲಿನಲ್ಲಿ, ನಾನು ಕೂಡಿಸಿದ ಸ್ಪೀಕರಿನಲ್ಲಿ, ತಿಂಗಳಿಗೊಮ್ಮೆ ಮಾತಾಡುತ್ತಿದ್ದಾರೆ. ಜನ ಬರುತ್ತಾರಂತೆ. ಚಂದ ಮಾತಾಡುತ್ತಾರಂತೆ. ಕಿತ್ತೂರಿನ ಆ ಹೆಣ್ಣುಮಗಳ ಎದುರು ನಾನು ಪಟ್ಟ ನಾಚಿಕೆಯನ್ನೂ ನಾನು ಸರ್ ಲೆಕ್ಕಕ್ಕೇ ಬರೆದಿದ್ದೇನೆ.